‘ಇದು ಮಗ್ಗ ಓಡ್ದಂಗೈತಲ್ಲಪ್ಪಾ’: ಕತ್ತಲ ಟೆಕ್ನೋ ಕೇಳಿದವರು ಏನಂದರು?

(ಪಾಡ್‌ಕಾಸ್ಟ್‌ನ ಬರಹ ರೂಪ)



ಇವತ್ತಿನ ವಿಷಯ ಒಂದು ಆಲ್ಬಮ್. ಅದರಲ್ಲಿ ಹಾಡುವವರಿಲ್ಲ, ಸಾಹಿತ್ಯ ಇಲ್ಲ, ಗುನುಗೋಣ ಅಂದ್ರೆ ಒಂದು ಟ್ಯೂನೂ ಕೈಗೆ ಸಿಗಲ್ಲ. ಹೆಸರು ‘ಕನ್ಸ್ಯೂಮ್ಡ್’. ಬಂದಿದ್ದು 1998ರಲ್ಲಿ. ಮಾಡಿದವರು ಕೆನಡಾದ ರಿಚಿ ಹಾಟಿನ್. ಈ ಥರದ ಸಂಗೀತಕ್ಕೆ ಅವರು ಇಟ್ಕೊಂಡ ಹೆಸರು ಪ್ಲಾಸ್ಟಿಕ್‌ಮ್ಯಾನ್. ಡಾರ್ಕ್ ಮಿನಿಮಲ್ ಟೆಕ್ನೋ ಅಂದ ತಕ್ಷಣ ಕೇಳುಗರು ನೆನೆಸಿಕೊಳ್ಳುವ ಆಲ್ಬಮ್‌ಗಳಲ್ಲಿ ಇದೂ ಒಂದು.

ಇದನ್ನು ನಮ್ಮ ಕಡೆಯ ನಾಲ್ಕು ಜನಕ್ಕೆ ಕೇಳಿಸಿದೆ. ಟೆಕ್ನೋ ಪಾರ್ಟಿಗೆ ಹೋಗೋರಿಗಲ್ಲ. ಹೊಸಕೋಟೆ ಹತ್ತಿರದ ಗೋದಾಮಲ್ಲಿ ಕೆಲಸ ಮಾಡೋ ಒಬ್ಬ ಹುಡುಗ, ದೇವನಹಳ್ಳಿ ಏರ್‌ಪೋರ್ಟ್‌ಗೆ ರಾತ್ರಿ ಕ್ಯಾಬ್ ಓಡಿಸೋ ಒಬ್ಬರು ಅಣ್ಣ, ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸೋ ಒಬ್ಬರು ಯಜಮಾನರು, ಮತ್ತೆ ಕಾಲೇಜಿಗೆ ಹೋಗೋ ಅವರ ಮಗಳು. ಹೆಸರು ಬೇಡ ಅಂದಿದ್ದಾರೆ, ಹೇಳಲ್ಲ. ಆದರೆ ಅವರು ಹೇಳಿದ ನಾಲ್ಕು ಮಾತು ಮುಂದಿಟ್ಟುಕೊಂಡು ಮಾತಾಡೋಣ. ಯಾಕಂದ್ರೆ ಒಂದು ಆಲ್ಬಮ್ ಕೇಳಿ ಜನ ಏನಂತಾರೆ ಅನ್ನೋದರಲ್ಲಿ ಆಲ್ಬಮ್‌ನ ಸುದ್ದಿ ಅರ್ಧ, ಅವರ ಕಿವಿ ಪಟ್ಟ ಪಾಡಿನ ಸುದ್ದಿ ಇನ್ನರ್ಧ.

ಮೊದಲು, ಇದೇನು ಸಂಗೀತ?

ಟೆಕ್ನೋ ಹುಟ್ಟಿದ್ದು 1980ರ ದಶಕದಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಅದು ಕಾರು ಕಾರ್ಖಾನೆಗಳ ಊರು. 1950ರಲ್ಲಿ ಅಲ್ಲಿನ ಜನಸಂಖ್ಯೆ 18 ಲಕ್ಷ ದಾಟಿತ್ತು. 2020ರ ಜನಗಣತಿಯಲ್ಲಿ ಸುಮಾರು 6.4 ಲಕ್ಷ. ಕಾರ್ಖಾನೆ ಮುಚ್ಚಿದವು, ಜನ ಊರು ಬಿಟ್ಟರು. ಅಂಥ ಊರಲ್ಲಿ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಅನ್ನೋ ಮೂವರು ಕಪ್ಪು ಯುವಕರು ಸಿಂಥಸೈಜರು, ಡ್ರಮ್ ಮಷಿನ್ ಇಟ್ಕೊಂಡು ಮಾಡಿದ ಸಂಗೀತ ಇದು. ‘ಧಮ್ ಧಮ್ ಧಮ್ ಧಮ್’ ಅಂತ ಒಂದೇ ಸಮನೆ ಬರೋ ಬೀಟು, ನಿಮಿಷಕ್ಕೆ ಸುಮಾರು 120ರಿಂದ 140 ಪೆಟ್ಟು.

ಮುಂದೆ ಅದೇ ಊರಿನ ರಾಬರ್ಟ್ ಹುಡ್ 1994ರಲ್ಲಿ ‘ಮಿನಿಮಲ್ ನೇಷನ್’ ತಂದರು. ಬೇಡದ್ದನ್ನೆಲ್ಲ ತೆಗೆದುಹಾಕಿ, ಒಂದು ಬೀಟು, ಒಂದು ಚಿಕ್ಕ ಸ್ವರಗುಚ್ಛ, ಅಷ್ಟರಲ್ಲೇ ಇಡೀ ಟ್ರ್ಯಾಕ್ ನಡೆಸುವುದು. ಅದಕ್ಕೆ ಮಿನಿಮಲ್ ಟೆಕ್ನೋ ಅಂತ ಹೆಸರಾಯ್ತು.

ಹಾಟಿನ್ ಇದ್ದದ್ದು ನದಿಯ ಆಚೆ ದಡದಲ್ಲಿ. ಡೆಟ್ರಾಯಿಟ್ ನದಿಯ ಈ ಕಡೆ ಅಮೆರಿಕ, ಆ ಕಡೆ ಕೆನಡಾದ ವಿಂಡ್ಸರ್. ಇಂಗ್ಲೆಂಡ್‌ನಲ್ಲಿ ಹುಟ್ಟಿ, ಒಂಬತ್ತನೇ ವಯಸ್ಸಿಗೆ ಮನೆಯವರ ಜೊತೆ ವಿಂಡ್ಸರ್ ಪಕ್ಕದ ಊರಿಗೆ ಬಂದ ಹುಡುಗ. ಅಪ್ಪ ಜನರಲ್ ಮೋಟಾರ್ಸ್‌ನಲ್ಲಿ ರೋಬೋಟ್ ಯಂತ್ರಗಳ ತಂತ್ರಜ್ಞ. ಅಂದ್ರೆ ಯಂತ್ರದ ಜೊತೆ ಕೆಲಸ ಮಾಡೋರ ಮನೆ ಮಗ. ಇದನ್ನು ನೆನಪಲ್ಲಿ ಇಟ್ಕೊಳ್ಳಿ, ಮತ್ತೆ ಬೇಕಾಗುತ್ತೆ.

‘ಏನೂ ಆಗಲ್ವಲ್ಲ ಬ್ರೋ’

ಹೊಸಕೋಟೆ ಹುಡುಗ ನಾಲ್ಕು ನಿಮಿಷ ಕೇಳಿದ. ಆಮೇಲೆ, “ಇನ್ನೂ ಶುರು ಆಗಿಲ್ವಾ? ಡ್ರಾಪ್ ಯಾವಾಗ ಬರುತ್ತೆ?” ಅಂದ. ಬರಲ್ಲ ಅಂದೆ. “ಹಂಗಾದ್ರೆ ಏನೂ ಆಗಲ್ವಲ್ಲ ಬ್ರೋ” ಅಂತ ಫೋನ್ ವಾಪಸ್ ಕೊಟ್ಟ.

ಅವನು ಹೇಳಿದ್ದು ಸರಿಯೇ. ಡಿಜೆ ಸಂಗೀತದಲ್ಲಿ ನಾವು ಕಾಯುವುದು ಅದಕ್ಕೇ. ಏರುತ್ತೆ, ಏರುತ್ತೆ, ಒಂದು ಕ್ಷಣ ನಿಲ್ಲುತ್ತೆ, ಆಮೇಲೆ ಧಬ್ ಅಂತ ಬೀಳುತ್ತೆ. ಗಣೇಶನ ಮೆರವಣಿಗೆಯ ಡಿಜೆ ಗಾಡಿ ಮುಂದೆ ಕುಣಿಯೋರೆಲ್ಲ ಆ ಕ್ಷಣಕ್ಕೇ ಕಾಯ್ತಾ ಇರ್ತಾರೆ. ‘ಕನ್ಸ್ಯೂಮ್ಡ್’ನಲ್ಲಿ ಆ ಕ್ಷಣವನ್ನು ಬೇಕಂತಲೇ ಕೊಟ್ಟಿಲ್ಲ. ಕೆಲವು ಟ್ರ್ಯಾಕ್ ಎಂಟು ನಿಮಿಷ ದಾಟುತ್ತವೆ. ಅಷ್ಟು ಹೊತ್ತಲ್ಲಿ ಆಗೋದು ಇಷ್ಟೇ: ಒಂದು ಶಬ್ದದ ಬಾಲ ಸ್ವಲ್ಪ ಉದ್ದ ಆಗುತ್ತೆ, ಇನ್ನೊಂದು ನಿಧಾನಕ್ಕೆ ಮಸುಕಾಗುತ್ತೆ, ದೂರದಿಂದ ಒಂದು ಪ್ರತಿಧ್ವನಿ ಹತ್ತಿರ ಬರುತ್ತೆ.

ಇನ್ನೊಂದು ಕಾರಣ ಅವನ ಕೈಲಿದ್ದ ಫೋನು. ಅವನು ಕೇಳಿದ್ದು ಫೋನಿನ ಸ್ಪೀಕರ್‌ನಲ್ಲಿ. ಟೆಕ್ನೋದ ಬೀಟಿನ ಮುಖ್ಯ ಶಕ್ತಿ ಇರೋದು 50–60 ಹರ್ಟ್ಜ್ ಆಸುಪಾಸಿನ ತಗ್ಗು ಶಬ್ದದಲ್ಲಿ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನದನ್ನು ಹೊರಡಿಸೋ ತಾಕತ್ತಿಲ್ಲ. ಸಿನಿಮಾ ಹಾಡಾದ್ರೆ ಪರವಾಗಿಲ್ಲ, ದನಿ ಮೇಲಿರುತ್ತೆ, ಕೇಳುತ್ತೆ. ಇದರಲ್ಲಿ ಬೇಸ್ ಹೋದ್ರೆ ಉಳಿಯೋದು ಟಿಕ್ ಟಿಕ್ ಮಾತ್ರ. ಮುದ್ದೆ ತೆಗೆದು ಬರೀ ತಟ್ಟೆ ಕೊಟ್ಟಂಗೆ. ಆದ್ದರಿಂದ ಬೋರ್ ಅಂತ ತೀರ್ಪು ಕೊಡೋ ಮುಂಚೆ ಒಮ್ಮೆ ಹೆಡ್‌ಫೋನ್‌ನಲ್ಲಿ ಕೇಳಿ. ಆಮೇಲೂ ಬೋರ್ ಆದ್ರೆ ಅದು ನಿಮ್ಮ ರುಚಿ, ಯಾರೂ ಏನೂ ಅನ್ನಂಗಿಲ್ಲ.

‘ಹಿಂದಿನ ಸೀಟಲ್ಲಿ ಯಾರೋ ಕೂತಂಗೆ’

ಕ್ಯಾಬ್ ಅಣ್ಣ ಕೇಳಿದ್ದು ಕಾರಿನ ಸ್ಪೀಕರ್‌ನಲ್ಲಿ. ರಾತ್ರಿ ಎರಡು ಗಂಟೆಗೆ ಏರ್‌ಪೋರ್ಟಲ್ಲಿ ಗಿರಾಕಿ ಇಳಿಸಿ, ಖಾಲಿ ಗಾಡಿ ತಗೊಂಡು ಬರ್ತಾ ಹಾಕಿದ್ರಂತೆ. ಅಲ್ಲಿ ಬೇಸ್ ಚೆನ್ನಾಗೇ ಬಂದಿದೆ. ಮರುದಿನ ಅವರಂದಿದ್ದು, “ಹಿಂದಿನ ಸೀಟಲ್ಲಿ ಯಾರೋ ಕೂತಂಗೆ ಆಯ್ತು. ಎರಡು ಸಲ ಕನ್ನಡಿ ನೋಡ್ದೆ.”

ಇದು ತಮಾಷೆ ಅಲ್ಲ. ಈ ಆಲ್ಬಮ್‌ಗೆ ‘ಡಾರ್ಕ್’ ಅಂತ ಹೆಸರು ಬಂದಿದ್ದೇ ಇದರಿಂದ. ನಮ್ಮ ಕಿವಿ ಪ್ರತಿಧ್ವನಿ ಕೇಳಿ ಜಾಗದ ಅಳತೆ ಹಾಕುತ್ತೆ. ಖಾಲಿ ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ತಟ್ಟಿದ್ರೆ ಕಣ್ಣು ಮುಚ್ಚಿದ್ರೂ ಜಾಗ ದೊಡ್ಡದು ಅಂತ ಗೊತ್ತಾಗುತ್ತಲ್ಲ, ಹಂಗೆ. ಇದರಲ್ಲಿ ಶಬ್ದ ಕಡಿಮೆ, ಪ್ರತಿಧ್ವನಿ ಜಾಸ್ತಿ. ಕಣ್ಣಿಗೆ ಚಿಕ್ಕ ಕಾರು ಕಾಣುತ್ತೆ, ಕಿವಿಗೆ ದೊಡ್ಡ ಕತ್ತಲ ಗೋದಾಮು ಕೇಳುತ್ತೆ. ಎರಡೂ ತಾಳೆ ಆಗದೇ ಇದ್ದಾಗ ಹಿಂದೆ ತಿರುಗಿ ನೋಡೋಣ ಅನ್ಸುತ್ತೆ.

ಈ ಕತ್ತಲೆಯ ಹಿಂದೆ ಒಂದು ನಿಜ ಸಂಗತಿಯೂ ಇದೆ. 1995ರಲ್ಲಿ ಹಾಟಿನ್ ಅವರನ್ನು ಗಡಿಯಲ್ಲಿ ತಡೆದರು. ಪರವಾನಗಿ ಇಲ್ಲದೆ ಅಮೆರಿಕದಲ್ಲಿ ಕಾರ್ಯಕ್ರಮ ಕೊಡ್ತಿದ್ದರು ಅನ್ನೋದು ಕಾರಣ. ಸುಮಾರು ಒಂದೂವರೆ ವರ್ಷ ಡೆಟ್ರಾಯಿಟ್‌ಗೆ ಹೋಗುವಂತಿರಲಿಲ್ಲ. ಗೆಳೆಯರು, ಪಾರ್ಟಿ, ಜನ ಎಲ್ಲ ನದಿಯ ಆಚೆ. ದೀಪಗಳು ಕಾಣ್ತವೆ, ದಾಟೋಕೆ ಆಗಲ್ಲ. ಆ ಒಂಟಿತನದ ದಿನಗಳಿಂದ ಬಂದ ಸಂಗೀತವೇ ಮುಂದೆ ‘ಕನ್ಸ್ಯೂಮ್ಡ್’ ಆಯ್ತು. ಆ ಕಥೆ ಗೊತ್ತಿಲ್ಲದ ನಮ್ಮ ಕ್ಯಾಬ್ ಅಣ್ಣನಿಗೂ, ಖಾಲಿ ಗಾಡಿಯಲ್ಲಿ, ಆ ಒಂಟಿತನ ತಲುಪಿತು ಅಂದ್ರೆ ಸಂಗೀತ ಕೆಲಸ ಮಾಡಿದೆ ಅಂತಲೇ ಅರ್ಥ.

‘ಆಫ್ ಮಾಡಪ್ಪಾ’

ಈಗ ದೊಡ್ಡಬಳ್ಳಾಪುರಕ್ಕೆ ಬರೋಣ.

ಆ ಊರಿನ ನೇಕಾರರ ಬೀದಿಗಳಲ್ಲಿ ನಡೆದವರಿಗೆ ಗೊತ್ತು. ಮನೆ ಮುಂದಿನ ಭಾಗದಲ್ಲೋ ಹಿಂದಿನ ಶೆಡ್‌ನಲ್ಲೋ ನಾಲ್ಕು ಮಗ್ಗ, ಆರು ಮಗ್ಗ. ರೇಷ್ಮೆ, ಆರ್ಟ್ ಸಿಲ್ಕ್ ಸೀರೆ ನೇಯುವ ಸಾವಿರಾರು ವಿದ್ಯುತ್ ಮಗ್ಗಗಳಿರೋ ಊರದು. ಲಾಳಿ ಆ ಕಡೆಯಿಂದ ಈ ಕಡೆಗೆ ಹೊಡೆಯುತ್ತೆ, ಹೊಕ್ಕಿನ ಎಳೆ ಹಾಸಿನೊಳಗೆ ಹೋಗುತ್ತೆ, ಹಣಿಗೆ ಬಂದು ತಳ್ಳುತ್ತೆ. ಸಾಧಾರಣ ಲಾಳಿ ಮಗ್ಗ ನಿಮಿಷಕ್ಕೆ ನೂರರ ಮೇಲೆ ಸಲ ಹೀಗೆ ಹೊಡೆಯುತ್ತೆ. ಟೆಕ್ನೋ ವೇಗಕ್ಕೆ ಹತ್ತಿರವೇ ಆಯ್ತಲ್ಲ!

ಹೋಲಿಕೆ ಅಲ್ಲಿಗೇ ನಿಲ್ಲಲ್ಲ. ಸೀರೆ ಅಂಚಿನ ಹೂವು ಬರೋದು ಜಕಾರ್ಡ್‌ನಿಂದ. ಫ್ರಾನ್ಸ್‌ನ ಜಕಾರ್ಡ್ 1800ರ ದಶಕದ ಆರಂಭದಲ್ಲಿ ಮಾಡಿದ ಉಪಕರಣ. ಅದರ ರಟ್ಟಿನ ಕಾರ್ಡಲ್ಲಿ ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತೆ, ಇಲ್ಲದ ಕಡೆ ಏಳಲ್ಲ. ಕಾರ್ಡ್ ಮಾಲೆ ಸುತ್ತಿ ಮುಗಿದರೆ ಮತ್ತೆ ಮೊದಲಿಂದ ಅದೇ ಹೂವು. ಟೆಕ್ನೋದ ಡ್ರಮ್ ಮಷಿನ್‌ನಲ್ಲಿ 16 ಗುಂಡಿ ಇರುತ್ತೆ. ಒತ್ತಿದ ಕಡೆ ಪೆಟ್ಟು ಬರುತ್ತೆ, ಒತ್ತದ ಕಡೆ ಬರಲ್ಲ. 16 ಮುಗಿದರೆ ಮತ್ತೆ ಮೊದಲಿಂದ. ಲೆಕ್ಕ ಒಂದೇ. ಒಂದರಲ್ಲಿ ಸೀರೆ ಬರುತ್ತೆ, ಇನ್ನೊಂದರಲ್ಲಿ ಬೀಟು ಬರುತ್ತೆ.

ಇದೆಲ್ಲ ಹೇಳಿ, ಖುಷಿಯಿಂದ ಯಜಮಾನರ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಕೇಳಿದರು. ಕೆಲವು ನಿಮಿಷ. ಆಮೇಲೆ ತೆಗೆದು, “ಇದು ಮಗ್ಗ ಓಡ್ದಂಗೈತಲ್ಲಪ್ಪಾ. ಆಫ್ ಮಾಡಪ್ಪಾ. ಈಗ ತಾನೆ ನಿಲ್ಸಿ ಬಂದಿದೀನಿ” ಅಂದರು.

ಅವರ ಮಗಳು ಬೇರೆ ಥರ. ಹೆಡ್‌ಫೋನ್ ಹಾಕ್ಕೊಂಡು ಸುಮಾರು ಅರ್ಧ ಗಂಟೆ ಕೇಳಿದಳು. “ಓದೋಕೆ ಚೆನ್ನಾಗಿದೆ. ನಿದ್ದೆನೂ ಬರುತ್ತೆ” ಅಂದಳು. ಚಿಕ್ಕಂದಿನಿಂದ ಮಗ್ಗದ ಸದ್ದಲ್ಲೇ ಮಲಗಿ ಅಭ್ಯಾಸವಂತೆ. “ಕರೆಂಟ್ ಹೋಗಿ ಮಗ್ಗ ನಿಂತಾಗಲೇ ನಂಗೆ ಎಚ್ಚರ ಆಗ್ತಿತ್ತು” ಅಂದಳು.

ಒಂದೇ ಮನೆ, ಒಂದೇ ಸದ್ದು, ಎರಡು ಉತ್ತರ. ನಾವು ಇವತ್ತು ಮಾತಾಡ್ತಾ ಇರೋ ವಿಷಯದ ಗಂಟು ಇಲ್ಲೇ ಇದೆ.

ಮತ್ತೆ ಮತ್ತೆ ಕೇಳಿದರೆ ಏನಾಗುತ್ತೆ?

ಪುನರಾವರ್ತನೆ ಕಿವಿಗೆ ಏನು ಮಾಡುತ್ತೆ ಅನ್ನೋದರ ಬಗ್ಗೆ ಸಂಶೋಧಕರು ಕೆಲಸ ಮಾಡಿದ್ದಾರೆ. ಡಯಾನಾ ಡಾಯ್ಚ್ ಅನ್ನೋ ಮನಶ್ಶಾಸ್ತ್ರಜ್ಞೆ 1995ರಲ್ಲಿ ಒಂದು ವಿಚಿತ್ರ ಗಮನಿಸಿದರು. ಧ್ವನಿಮುದ್ರಿಸಿದ ತಮ್ಮದೇ ಮಾತಿನ ಒಂದು ತುಣುಕು ಮತ್ತೆ ಮತ್ತೆ ಓಡ್ತಾ ಇದ್ದಾಗ, ಸ್ವಲ್ಪ ಹೊತ್ತಿಗೆ ಅದು ಮಾತಿನ ಥರ ಕೇಳದೆ ಹಾಡಿನ ಥರ ಕೇಳೋಕೆ ಶುರುವಾಯ್ತು. ಶಬ್ದ ಬದಲಾಗಿಲ್ಲ, ಕೇಳುವ ರೀತಿ ಬದಲಾಯ್ತು.

ಎಲಿಜಬೆತ್ ಮಾರ್ಗುಲಿಸ್ ಅನ್ನೋ ಇನ್ನೊಬ್ಬ ಸಂಶೋಧಕಿ ಇನ್ನೂ ಮುಂದೆ ಹೋದರು. ಪುನರಾವರ್ತನೆಯೇ ಇಲ್ಲದಂತೆ ಬರೆದ ಆಧುನಿಕ ಪಾಶ್ಚಾತ್ಯ ಸಂಗೀತದ ತುಣುಕುಗಳನ್ನು ಕತ್ತರಿಸಿ, ಕೆಲವು ಭಾಗ ಮತ್ತೆ ಬರುವಂತೆ ಜೋಡಿಸಿದರು. ಕೇಳುಗರು ಹೀಗೆ ಜೋಡಿಸಿದ್ದನ್ನೇ ಹೆಚ್ಚು ಇಷ್ಟಪಟ್ಟರು. ಕಂಪ್ಯೂಟರ್ ಅಲ್ಲ, ಮನುಷ್ಯ ಮಾಡಿದ್ದು ಇದೇ ಇರಬೇಕು ಅಂತಲೂ ಹೇಳಿದರು.

ನಮಗೆ ಇದು ಹೊಸದೇನಲ್ಲ. ತಂಬೂರಿ ಗಂಟೆಗಟ್ಟಲೆ ಅದೇ ಸ್ವರ ಮೀಟುತ್ತೆ, ಯಾರೂ ಬೋರ್ ಅನ್ನಲ್ಲ. ಭಜನೆಯಲ್ಲಿ ಒಂದೇ ಸಾಲು ಇಪ್ಪತ್ತು ಸಲ ಬರುತ್ತೆ. ಜಾತ್ರೆಯಲ್ಲಿ ತಮಟೆ ಒಂದೇ ಗತ್ತಿನಲ್ಲಿ ಬಡಿಯುತ್ತಾ ಬಡಿಯುತ್ತಾ ಕಾಲು ತಾನಾಗೇ ಎದ್ದು ಬಿಡುತ್ತೆ. ಒಂದೇ ಆಗಿರೋದರೊಳಗೆ ಸಣ್ಣ ವ್ಯತ್ಯಾಸ ಹುಡುಕೋದನ್ನು ನಮ್ಮ ಕಿವಿ ಯಾವತ್ತೋ ಕಲಿತಿದೆ.

ಹಾಗಾದ್ರೆ ಮಗ್ಗದ ಯಜಮಾನರ ಕಿವಿಗೆ ಮಾತ್ರ ಯಾಕೆ ಬೇಡ ಅನ್ನಿಸಿತು? ಅವರಿಗೆ ಈ ಸಂಗೀತ ಅರ್ಥ ಆಗಲಿಲ್ಲ ಅಂತಲ್ಲ. ನಾಲ್ವರಲ್ಲಿ ಚೆನ್ನಾಗಿ ಅರ್ಥ ಆಗಿದ್ದು ಅವರಿಗೇ. ಸದ್ದಿನ ಮೂಲ ಏನು ಅಂತ ಕೆಲವೇ ನಿಮಿಷದಲ್ಲಿ ಹಿಡಿದುಬಿಟ್ಟರು. ವ್ಯತ್ಯಾಸ ಇರೋದು ಇನ್ನೊಂದು ಕಡೆ. ಮಗಳ ಕೈಯಲ್ಲಿ ಸ್ಟಾಪ್ ಬಟನ್ ಇದೆ. ವಾಲ್ಯೂಮ್ ಅವಳ ಬೆರಳಲ್ಲಿದೆ. ಅಪ್ಪನ ಮಗ್ಗಕ್ಕೆ ವಾಲ್ಯೂಮ್ ಇಲ್ಲ. ನಿಲ್ಲಿಸಬಹುದು, ಆದರೆ ನಿಲ್ಲಿಸಿದ ಪ್ರತಿ ಗಂಟೆಗೂ ಕೂಲಿಯಲ್ಲಿ ಲೆಕ್ಕ ಕಡಿಮೆ ಆಗುತ್ತೆ.

ಅದಕ್ಕೇ, “ಮಗ್ಗದ ಸದ್ದೇ ಒಂದು ಸಂಗೀತ” ಅಂತ ಯಾರಾದ್ರೂ ಕವಿತೆ ಥರ ಹೇಳಿದ್ರೆ ಸ್ವಲ್ಪ ಹುಷಾರಾಗಿ ಕೇಳಿ. ಡೆಟ್ರಾಯಿಟ್ ಬಗ್ಗೆಯೂ ಹೀಗೇ ಹೇಳ್ತಾರೆ, ಕಾರ್ಖಾನೆ ಸದ್ದೇ ಟೆಕ್ನೋ ಆಯ್ತು ಅಂತ. ಆದರೆ ಯಂತ್ರದ ಮುಂದೆ ನಿಂತಿದ್ದು ಅಪ್ಪಂದಿರ ಪೀಳಿಗೆ, ಯಂತ್ರದಿಂದ ಸಂಗೀತ ತೆಗೆದದ್ದು ಮಕ್ಕಳ ಪೀಳಿಗೆ. ಮಧ್ಯೆ ಒಂದು ಬಾಗಿಲು ಇತ್ತು. ಶೆಡ್‌ನಿಂದ ಆಚೆ ಬಂದವರಿಗೆ ಮಾತ್ರ ಆ ಸದ್ದು ಸಂಗೀತ ಆಗೋಕೆ ಪುರುಸೊತ್ತು ಸಿಗುತ್ತೆ.

ಕಿವಿಯ ಲೆಕ್ಕ

ಇಲ್ಲಿ ಬರೀ ರುಚಿಯ ಮಾತಲ್ಲ, ಆರೋಗ್ಯದ ಮಾತೂ ಇದೆ. ವಿದ್ಯುತ್ ಮಗ್ಗದ ಶೆಡ್‌ನಲ್ಲಿ ಸದ್ದು 90 ಡೆಸಿಬೆಲ್ ದಾಟೋದು ಸಾಮಾನ್ಯ. ನಮ್ಮ ದೇಶದ ಕಾರ್ಖಾನೆ ನಿಯಮಗಳು ದಿನಕ್ಕೆ ಎಂಟು ಗಂಟೆಗೆ ಇಟ್ಟ ಮಿತಿಯೇ 90 ಡೆಸಿಬೆಲ್. ಮನೆಯಲ್ಲೇ ನಾಲ್ಕೈದು ಮಗ್ಗ ಇಟ್ಕೊಂಡವರ ಶೆಡ್‌ಗೆ ಅಳತೆ ಮಾಡೋಕೆ ಯಾರು ಬರ್ತಾರೆ ಹೇಳಿ?

ಈಗ ನಮ್ಮ ನಿಮ್ಮ ಇಯರ್‌ಫೋನ್ ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಸಂಗೀತ ಕೇಳೋರಿಗೆ ಹೇಳೋದು ಇಷ್ಟು: 80 ಡೆಸಿಬೆಲ್ ಆದ್ರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದ್ರೆ ವಾರಕ್ಕೆ ನಾಲ್ಕೇ ಗಂಟೆ. ಹತ್ತು ಅಂಕಿ ಏರಿದ್ರೆ ಸಮಯ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಆ ಲೆಕ್ಕ ಮಗ್ಗಕ್ಕೆ ಹಾಕಿದ್ರೆ ಯಜಮಾನರ ಇಡೀ ವಾರದ ಪಾಲು ಸೋಮವಾರ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿದು ಹೋಯ್ತು. ಪ್ರಪಂಚದಲ್ಲಿ 100 ಕೋಟಿಗೂ ಹೆಚ್ಚು ಯುವಜನ ಜೋರು ಸದ್ದು ಕೇಳಿ ಕಿವಿ ಕಳೆದುಕೊಳ್ಳೋ ಅಪಾಯದಲ್ಲಿದ್ದಾರೆ ಅಂತಲೂ ಅದೇ ಸಂಸ್ಥೆ ಹೇಳುತ್ತೆ.

ಜೋರು ಸದ್ದಿನಿಂದ ಹೋಗೋ ಕಿವಿ ಒಂದೇ ದಿನ ಪೂರ್ತಿ ಹೋಗಲ್ಲ. ಸಾಮಾನ್ಯವಾಗಿ ಮೊದಲು 4,000 ಹರ್ಟ್ಜ್ ಸುತ್ತಮುತ್ತಲ ತೀಕ್ಷ್ಣ ಶಬ್ದಗಳು ಮಸುಕಾಗುತ್ತವೆ. ಮಾತಲ್ಲಿ ಸ, ಶ, ಫ ಥರದವು ಕಲಸಿ ಹೋಗ್ತವೆ. ಎದುರಿನವರು ಮಾತಾಡೋದು ಕೇಳುತ್ತೆ, ಏನಂದ್ರು ಅಂತ ತಿಳಿಯಲ್ಲ. ಮನೆಯಲ್ಲಿ “ಅಪ್ಪಾಜಿ ಟಿವಿ ಸೌಂಡ್ ಯಾಕಿಷ್ಟು ಜೋರಾಗಿ ಇಡ್ತಾರೆ” ಅಂತ ಗೊಣಗ್ತೀವಲ್ಲ, ಅದು ಅಭ್ಯಾಸ ಅಲ್ಲದೆಯೂ ಇರಬಹುದು. ಒಳಗಿವಿಯಲ್ಲಿ ಶಬ್ದ ಹಿಡಿಯೋ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ.

ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಮೆತ್ತನೆ ಫೋಮ್‌ನ ಇಯರ್‌ಪ್ಲಗ್ ಮೆಡಿಕಲ್ ಸ್ಟೋರ್‌ಲಿ, ಆನ್‌ಲೈನ್‌ಲಿ ಸಿಗುತ್ತೆ, ದುಬಾರಿಯಲ್ಲ. ಸರಿಯಾಗಿ ಹಾಕ್ಕೊಂಡ್ರೆ ಮಗ್ಗದ ಸದ್ದು ಗಣನೀಯವಾಗಿ ಇಳಿಯುತ್ತೆ. ಎಳೆ ಕಡಿದದ್ದು ಸದ್ದಿನಿಂದಲೇ ಗೊತ್ತಾಗಬೇಕು, ಪ್ಲಗ್ ಹಾಕಿದ್ರೆ ಹೇಗೆ ಅಂತ ನೇಕಾರರು ಕೇಳೋದುಂಟು. ನ್ಯಾಯವಾದ ಪ್ರಶ್ನೆ. ಪ್ಲಗ್ ಹಾಕಿದ್ರೆ ಎಲ್ಲ ಮಾಯ ಆಗಲ್ಲ, ತಗ್ಗುತ್ತೆ ಅಷ್ಟೆ. ಕೆಲವು ದಿನಕ್ಕೆ ಕಿವಿ ಆ ತಗ್ಗಿದ ಸದ್ದಲ್ಲೂ ವ್ಯತ್ಯಾಸ ಹಿಡಿಯೋದು ಕಲಿಯುತ್ತೆ. ಶ್ರವಣ ಪರೀಕ್ಷೆ ಎಲ್ಲಾಗುತ್ತೆ ಅಂತ ಸರ್ಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕೇಳಿ. ಮೈಸೂರಿನಲ್ಲಿ ಇದಕ್ಕೇ ಅಂತ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ತಡವಾಗಿ ಬಂದ ಇನ್ನೊಬ್ಬ ಕೇಳುಗ

ಆಲ್ಬಮ್ ಕಥೆಗೆ ಇನ್ನೊಂದು ತಿರುವಿದೆ. ಚಿಲಿ ಗೊನ್ಜಾಲೆಸ್ ಅಂತ ಕೆನಡಾ ಮೂಲದ ಪಿಯಾನೋ ವಾದಕ. ‘ಕನ್ಸ್ಯೂಮ್ಡ್’ ಬಂದು ಎಷ್ಟೋ ವರ್ಷ ಆದಮೇಲೆ ಅವರು ಅದನ್ನು ಕೇಳಿದರು. ಬೋರ್ ಅನ್ನಲಿಲ್ಲ, ಭಯ ಅನ್ನಲಿಲ್ಲ. ಇಷ್ಟೊಂದು ಖಾಲಿ ಜಾಗ ಇದೆಯಲ್ಲ ಅಂತ ಆ ಆಲ್ಬಮ್ ಮೇಲೆಯೇ ಪಿಯಾನೋ ನುಡಿಸುತ್ತಾ ಹೋದರು. ಟೀಗಾ ಅನ್ನೋ ಇನ್ನೊಬ್ಬ ಕೆನಡಾದ ಡಿಜೆ ಇಬ್ಬರ ಮಧ್ಯೆ ಮಾತುಕತೆ ನಡೆಸಿದರು. 2022ರಲ್ಲಿ ಅದು ‘ಕನ್ಸ್ಯೂಮ್ಡ್ ಇನ್ ಕೀ’ ಅನ್ನೋ ಹೆಸರಲ್ಲಿ ಬಂತು. ಒಬ್ಬ ಕೇಳುಗನ ಪ್ರತಿಕ್ರಿಯೆಯೇ ಹೊಸ ಆಲ್ಬಮ್ ಆಯ್ತು.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. ಮುಂಬೈನ ಸಿನಿಮಾ ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿ, ಸಿಂಥಸೈಜರ್‌ನಲ್ಲಿ ನುಡಿಸಿ ಒಂದು ರೆಕಾರ್ಡ್ ತಂದರು. ಆಗ ಯಾರೂ ಹೆಚ್ಚು ಕೊಳ್ಳಲಿಲ್ಲ. 2010ರಲ್ಲಿ ಅದು ಮರುಬಿಡುಗಡೆ ಆದಾಗ ಪ್ರಪಂಚದ ಟೆಕ್ನೋ ಕೇಳುಗರು ಬೆರಗಾದರು. ಶಿಕಾಗೋದಲ್ಲಿ ಆ್ಯಸಿಡ್ ಹೌಸ್ ಅಂತ ಹೆಸರಾದ ಸಂಗೀತ 1987ರ ಹೊತ್ತಿಗೆ ಬಂದಿದ್ದು. ಅದೇ ಥರದ ಯಂತ್ರ, ಅದೇ ಥರದ ಸದ್ದು ಐದು ವರ್ಷ ಮುಂಚೆಯೇ ಮುಂಬೈಯಲ್ಲಿ ಇತ್ತು! ರೆಕಾರ್ಡ್ ಬದಲಾಗಿರಲಿಲ್ಲ, ಕಿವಿಗಳು ಬದಲಾಗಿದ್ದವು.

ಹಾಗಾಗಿ ಈ ನಾಲ್ವರಲ್ಲಿ ಯಾರು ಸರಿ ಅಂತ ಕೇಳಬೇಡಿ. ಹೊಸಕೋಟೆ ಹುಡುಗನಿಗೆ ಬೋರ್ ಆಯ್ತು, ಸರಿ. ಕ್ಯಾಬ್ ಅಣ್ಣನಿಗೆ ಭಯ ಆಯ್ತು, ಸರಿ. ಹುಡುಗಿಗೆ ನಿದ್ದೆ ಬಂತು, ಅದೂ ಸರಿ. ಮತ್ತೆ, “ಆಫ್ ಮಾಡಪ್ಪಾ” ಅಂದರಲ್ಲ, ಅದನ್ನು ಸಂಗೀತ ಗೊತ್ತಿಲ್ಲದವರ ಮಾತು ಅಂತ ನಗಬೇಡಿ. ದಿನಕ್ಕೆ ಹತ್ತು ಗಂಟೆ ಸದ್ದು ತಿಂದ ಕಿವಿ ಕೇಳಿದ ವಿರಾಮ ಅದು. ನಮಗೆ ಅದು ಒಂದು ಬಟನ್ನು, ಅವರಿಗೆ ಒಂದು ದಿನದ ಕೂಲಿ.

ಈ ವಾರ ಎರಡು ಕೆಲಸ ಮಾಡಿ. ಒಂದು, ‘ಕನ್ಸ್ಯೂಮ್ಡ್’ ಆಗಲಿ, ‘ಮಿನಿಮಲ್ ನೇಷನ್’ ಆಗಲಿ, ಹೆಡ್‌ಫೋನ್ ಹಾಕಿ, ವಾಲ್ಯೂಮ್ ಅರ್ಧಕ್ಕಿಂತ ಸ್ವಲ್ಪ ಮೇಲಿಟ್ಟು, ಮಧ್ಯೆ ರೀಲ್ಸ್ ನೋಡದೆ ಇಪ್ಪತ್ತು ನಿಮಿಷ ಕೇಳಿ. ಎರಡು, ನಿಮ್ಮ ಮನೆಯಲ್ಲಿ ಮಗ್ಗ, ಫ್ಯಾಕ್ಟರಿ, ಲೇತ್, ಕ್ರಷರ್ ಅಂತ ಸದ್ದಿನ ಮಧ್ಯೆ ಕೆಲಸ ಮಾಡೋರು ಇದ್ರೆ ಒಮ್ಮೆ ಅವರ ಕಿವಿ ಪರೀಕ್ಷೆ ಮಾಡಿಸಿ. ಕೇಳಿದ್ದು ಹೇಗನ್ನಿಸಿತು ಅಂತ ನಮಗೂ ವಾಯ್ಸ್ ಮೆಸೇಜ್ ಕಳಿಸಿ. ಬೋರ್ ಆಯ್ತು ಅಂದ್ರೂ ಬೇಜಾರಿಲ್ಲ.